ಕಡಲತೀರದ ಪ್ರವಾಸಿಯೂ ಅಲೆಗಳ ಶಾಸ್ತ್ರವೂ

ಡಿಸೆಂಬರ್ ತಿಂಗಳು ಬಂದಿತೆಂದರೆ ಬಯಲುಸೀಮೆಯ ಶಾಲಾ ಕಾಲೇಜುಗಳಿಂದ ಪ್ರವಾಸದ ಬಸ್ಸುಗಳು ಸಾಲುಸಾಲಾಗಿ ಘಟ್ಟವಿಳಿಯತೊಡಗುತ್ತವೆ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರುಗಳ ಕಡೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಸಮುದ್ರವನ್ನು ಮೊತ್ತಮೊದಲಿಗೆ ಕಾಣುವುದು ಇಂತಹ ಪ್ರವಾಸದಲ್ಲಿಯೇ. ಅವರು ನೀರನ್ನು ಅರಿಯದವರೇನೂ ಅಲ್ಲ. ಕೆರೆಯನ್ನೂ ಬಾವಿಯನ್ನೂ ಚಿಕ್ಕಂದಿನಿಂದ ಬಲ್ಲವರು. ತೊಡಕಿರುವುದು ಇಲ್ಲಿಯೇ. ಕೆರೆಯ ನೀರು ನಿಂತ ನೀರು. ಅದರ ಅಪಾಯವೆಲ್ಲ ಆಳದಲ್ಲಿದೆ. ಆಳಕ್ಕೆ ಇಳಿಯದವನಿಗೆ ಭಯವಿಲ್ಲ. ಕಡಲಿನ ಅಪಾಯವಾದರೋ ಆಳಕ್ಕಿಂತ ಹೆಚ್ಚಾಗಿ ಚಲನೆಯಲ್ಲಿದೆ. ಒಂದು ಘನಮೀಟರು ನೀರಿನ ರಾಶಿ ಸಾವಿರ ಕಿಲೋಗ್ರಾಮು. ಸೆಕೆಂಡಿಗೆ ಎರಡು ಮೀಟರು ವೇಗದಿಂದ ಹರಿಯುವ ಮೊಣಕಾಲುದ್ದದ ನೀರು ನಿಂತ ಮನುಷ್ಯನ ಕಾಲುಗಳ ಮೇಲೆ ಹಾಕುವ ಬಲವನ್ನು ಲೆಕ್ಕಮಾಡಿ ನೋಡಿದರೆ, ಅದು ಸುಮಾರು 30 ಕಿಲೋಗ್ರಾಮು ತೂಕದ ತಳ್ಳಿಕೆಗೆ ಸಮನಾಗುತ್ತದೆ. ಕಾಲ ಕೆಳಗಿನ ಮರಳೂ ಆ ಹೊತ್ತಿಗೆ ಜಾರಿಹೋಗುತ್ತಿರುತ್ತದೆ ಎಂಬುದನ್ನು ಮರೆಯಲಾಗದು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ನೀರುಪಾಲಾದರು. ಇಂತಹ ಸುದ್ದಿಯನ್ನು ಓದಿದಾಗಲೆಲ್ಲ ಜನರು “ಸಮುದ್ರ ಎಳೆದುಕೊಂಡಿತು” ಎನ್ನುವುದುಂಟು. ಸಮುದ್ರವು ಹೇಗೆ ಎಳೆಯುತ್ತದೆ, ಎಲ್ಲಿ ಎಳೆಯುತ್ತದೆ, ಎಳೆಯುವ ಮುನ್ನ ಯಾವ ಗುರುತನ್ನು ತೋರುತ್ತದೆ ಎಂಬುದು ನಿಗೂಢವಾದುದಲ್ಲ. ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿ ನಾವು ಓದುವ ತರಂಗಗಳ ಅಧ್ಯಾಯವೇ ಇದಕ್ಕೆ ಸಾಕು. ದಿನನಿತ್ಯದ ಅಲೆಯಿಂದ ಆರಂಭಿಸಿ ಶತಮಾನಕ್ಕೆ ಕೆಲವೇ ಸಲ ಬರುವ ಸುನಾಮಿಯವರೆಗೆ ಆ ಅಧ್ಯಾಯವನ್ನು ಕಡಲತೀರದಲ್ಲಿ ನಿಂತು ಓದಿದರೆ ಹೇಗಿರುತ್ತದೆಂಬುದನ್ನು ಇಲ್ಲಿ ನೋಡೋಣ.

ಸೆಳವು

ಆಳವಾದ ನೀರಿನಲ್ಲಿ ಅಲೆಯು ಮುಂದೆ ಸಾಗುವಾಗ ನೀರು ಅದರೊಡನೆ ಸಾಗುವುದಿಲ್ಲ. ನೀರಿನ ಕಣಗಳು ಹೆಚ್ಚುಕಡಮೆ ಇದ್ದೆಡೆಯಲ್ಲಿಯೇ ಸುತ್ತು ಹಾಕುತ್ತವೆ. ಮುಂದುವರಿಯುವುದು ಶಕ್ತಿ ಮಾತ್ರ. ದೋಣಿಯಿಂದ ದೂರದಲ್ಲಿ ತೇಲುತ್ತಿರುವ ತೆಂಗಿನಕಾಯಿಯೊಂದನ್ನು ಗಮನಿಸಿದರೆ ಅದು ಏರುತ್ತ ಇಳಿಯುತ್ತ ಬಹುಮಟ್ಟಿಗೆ ಅಲ್ಲಿಯೇ ಇರುವುದನ್ನು ಕಾಣಬಹುದು. ಆದರೆ ದಡ ಸಮೀಪಿಸಿ ಆಳ ಕಡಮೆಯಾದಂತೆಲ್ಲ ಅಲೆಯ ಬುಡದ ವೇಗ ಕುಗ್ಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಅಲೆಯ ಎತ್ತರವು ಅಲ್ಲಿನ ನೀರಿನ ಆಳದ ಮುಕ್ಕಾಲು ಪಾಲನ್ನು ಮೀರಿದಾಗ, ಸ್ಥೂಲವಾಗಿ ಹೇಳುವುದಾದರೆ, ಅದು ಒಡೆದು ನೊರೆಯಾಗುತ್ತದೆ. ಒಡೆದ ಬಳಿಕ ನೀರೇ ದಡದತ್ತ ನುಗ್ಗುತ್ತದೆ.

ಹೀಗೆ ಒಂದರ ಮೇಲೊಂದು ಅಲೆ ನೀರನ್ನು ತಂದು ದಡಕ್ಕೆ ಸುರಿಯುತ್ತಿದ್ದರೆ ಆ ನೀರು ಹಿಂದಿರುಗಲೇ ಬೇಕಷ್ಟೆ. ತೀರದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಉದ್ದಕ್ಕೆ ಮರಳ ದಿಣ್ಣೆಯಿರುತ್ತದೆ. ಆ ದಿಣ್ಣೆಯಲ್ಲಿ ಎಲ್ಲಿ ತಗ್ಗು ಅಥವಾ ಬಿರುಕು ಇರುವುದೋ ಅಲ್ಲಿಗೆ ನೀರೆಲ್ಲ ಪಕ್ಕಪಕ್ಕದಿಂದ ಹರಿದು ಬಂದು ಕಿರಿದಾದ ಹೊಳೆಯಂತೆ ಕಡಲಿನ ಕಡೆಗೆ ಧಾವಿಸುತ್ತದೆ. ಇದೇ ಸೆಳವು, ಇಂಗ್ಲಿಷಿನವರು ರಿಪ್ ಎಂದು ಕರೆಯುವ ಪ್ರವಾಹ. ಸಾಮಾನ್ಯವಾಗಿ ಇದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಇರುತ್ತದೆ. ಕಡಲು ಕೆರಳಿದಾಗ ಎರಡು ಮೀಟರನ್ನೂ ಮೀರುವುದುಂಟು. ಒಲಿಂಪಿಕ್ ಈಜುಗಾರನೊಬ್ಬನು ಅತಿ ಅಲ್ಪ ದೂರವನ್ನು ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಈಜುವ ವೇಗವೂ ಸುಮಾರು ಇಷ್ಟೇ. ಊರಿನ ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರ ಮಾತೇನು?

ಇಲ್ಲೊಂದು ವಿಪರ್ಯಾಸವಿದೆ. ಸೆಳವಿರುವ ಜಾಗದಲ್ಲಿ ತಳ ಆಳವಾಗಿರುವುದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ಇಕ್ಕೆಲಗಳಲ್ಲಿ ಬಿಳಿಯ ನೊರೆ ಉಕ್ಕುತ್ತಿರುವಾಗ ನಡುವೆ ಒಂದು ಪಟ್ಟೆ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ ಅಥವಾ ಮರಳು ಕಲಕಿ ಕಂದಾಗಿ ಕಾಣುತ್ತದೆ. ಅಲೆಗಳಿಗೆ ಅಂಜಿದ ಹೊಸಬನು “ಇಲ್ಲಿ ನೀರು ಸೌಮ್ಯವಾಗಿದೆ” ಎಂದು ಸರಿಯಾಗಿ ಅಲ್ಲಿಗೇ ಇಳಿಯುತ್ತಾನೆ. ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು: ನೀರಿಗಿಳಿಯುವ ಮುನ್ನ ಎತ್ತರದ ಜಾಗದಲ್ಲಿ ಹತ್ತು ನಿಮಿಷ ಕುಳಿತು ನೊರೆಯ ಸಾಲನ್ನು ನೋಡಿರಿ, ಆ ಸಾಲು ಎಲ್ಲಿ ತುಂಡಾಗಿದೆಯೋ ಅಲ್ಲಿ ಕಾಲಿಡಬೇಡಿರಿ.

ಸೆಳವಿಗೆ ಸಿಕ್ಕವನು ಸಾಯುವುದು ಸೆಳವು ಅವನನ್ನು ಕೆಳಕ್ಕೆಳೆಯುವುದರಿಂದ ಅಲ್ಲ. ಅದು ಕೆಳಕ್ಕೆ ಎಳೆಯುವುದೇ ಇಲ್ಲ. ಹೊರಕ್ಕೆ ಒಯ್ಯುತ್ತದೆ, ಅಲೆಗಳು ಒಡೆಯುವ ಸಾಲನ್ನು ದಾಟಿದೊಡನೆ ಹರಡಿಕೊಂಡು ಬಲಗುಂದುತ್ತದೆ. ಗಾಬರಿಯಾಗಿ ನೇರವಾಗಿ ದಡದ ಕಡೆಗೆ ಈಜಲು ಹೆಣಗಿ, ದಣಿದು, ಮುಳುಗುವುದೇ ಮರಣಕ್ಕೆ ಕಾರಣ. ಸೆಳವಿನ ಅಗಲ ಬಹುಮಟ್ಟಿಗೆ ಕೆಲವು ಹತ್ತು ಮೀಟರುಗಳಷ್ಟೆ. ಆದುದರಿಂದ ಮೊದಲು ಬೆನ್ನಮೇಲೆ ತೇಲಿ ಉಸಿರನ್ನು ಕಾಪಾಡಿಕೊಳ್ಳಬೇಕು, ಒಂದು ಕೈಯನ್ನೆತ್ತಿ ಸಹಾಯ ಕೋರಬೇಕು; ಈಜು ಬಲ್ಲವನು ದಡಕ್ಕೆ ಸಮಾನಾಂತರವಾಗಿ ಈಜಿ ಆ ಪಟ್ಟೆಯಿಂದ ಪಕ್ಕಕ್ಕೆ ಸರಿದು, ಬಳಿಕ ನೊರೆಯಿರುವ ಕಡೆಯಿಂದ ಅಲೆಗಳ ತಳ್ಳಿಕೆಯ ನೆರವಿನಿಂದಲೇ ದಡ ಸೇರಬೇಕು. ದಡದ ಮೇಲಿರುವವರು ತಾವೂ ಹಾರದೆ, ತೇಲುವ ವಸ್ತು ಯಾವುದಾದರೂ ಸರಿ, ಖಾಲಿ ನೀರಿನ ಕ್ಯಾನು, ವಾಹನದ ಟ್ಯೂಬು, ಕಡೆಗೆ ಬಿಗಿಯಾಗಿ ಮುಚ್ಚಿದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದನ್ನು ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಸಾಯುವ ಕಥೆ ನಮ್ಮ ತೀರದಲ್ಲಿ ಮತ್ತೆ ಮತ್ತೆ ನಡೆಯುತ್ತಿದೆ.

ಗಾಳಿಯಿಲ್ಲದೆ ಬರುವ ಅಲೆ

ಆಕಾಶ ನಿರ್ಮಲವಾಗಿದೆ, ಗಾಳಿಯಿಲ್ಲ, ಆದ್ದರಿಂದ ಕಡಲು ಶಾಂತವಾಗಿಯೇ ಇರುವುದೆಂದು ನಂಬುವುದು ಸಹಜ. ಈ ನಂಬಿಕೆಯೂ ಸರಿಯಲ್ಲ. ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎಂಬ ಮಾತನ್ನು ಬಳಸುತ್ತಾರೆ: ಕಳ್ಳನಂತೆ ಸದ್ದಿಲ್ಲದೆ ಬಂದು ನುಗ್ಗುವ ಕಡಲು ಎಂದರ್ಥ. ಇದು ಮುಖ್ಯವಾಗಿ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಣಿಸುತ್ತದೆ. ಇದರ ಹುಟ್ಟು ಇಲ್ಲಲ್ಲ. ಸಾವಿರಾರು ಕಿಲೋಮೀಟರು ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ಶೀತಪ್ರದೇಶದ ಬಿರುಗಾಳಿಗಳಲ್ಲಿ.

ಬಿರುಗಾಳಿಯು ನಾನಾ ಆವರ್ತಕಾಲದ ಅಲೆಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಆಳವಾದ ನೀರಿನಲ್ಲಿ ಆವರ್ತಕಾಲ ಹೆಚ್ಚಾದಷ್ಟೂ ಅಲೆಯ ವೇಗ ಹೆಚ್ಚು. 18 ಸೆಕೆಂಡು ಆವರ್ತಕಾಲದ ಅಲೆಗಳ ಶಕ್ತಿ ಗಂಟೆಗೆ ಸುಮಾರು 50 ಕಿಲೋಮೀಟರಿನಂತೆ, ದಿನಕ್ಕೆ 1200 ಕಿಲೋಮೀಟರು ಸಾಗುತ್ತದೆ. 5500 ಕಿಲೋಮೀಟರು ದೂರದ ಬಿರುಗಾಳಿಯ ಸುದ್ದಿ ಈ ಲೆಕ್ಕದಲ್ಲಿ ನಾಲ್ಕೂವರೆ ದಿನಗಳಲ್ಲಿ ನಮ್ಮ ತೀರವನ್ನು ಮುಟ್ಟುತ್ತದೆ. ಅಷ್ಟರಲ್ಲಿ ಆ ಗಾಳಿ ಅಡಗಿಯೂ ಹೋಗಿರಬಹುದು. ದೀರ್ಘ ಆವರ್ತಕಾಲದ ಈ ಅಲೆ ನೋಡಲು ಸಾಧುವಾದುದು; ಆದರೆ ಒಂದೊಂದು ಅಲೆಯಲ್ಲಿಯೂ ನೀರು ಬಹಳ, ದಡವನ್ನೇರಿ ಬರುವ ದೂರವೂ ಬಹಳ. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಇಂತಹ ಅಲೆಗಳ ದಿನದಂದೇ ಪ್ರಾಣ ಕಳೆದುಕೊಂಡರು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ಮುನ್ಸೂಚನೆಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಪ್ರವಾಸದ ಮುಂದಾಳುಗಳು ಊಟ ವಸತಿಗಳ ಏರ್ಪಾಟಿನೊಡನೆ ಈ ಮುನ್ಸೂಚನೆಯನ್ನೂ ನೋಡಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ, ಬರಬೇಕು.

ಸುನಾಮಿ

ಇನ್ನು ಎಲ್ಲಕ್ಕಿಂತ ದೊಡ್ಡ ಅಲೆಯ ವಿಚಾರ. ಜಪಾನೀ ಭಾಷೆಯಲ್ಲಿ ‘ತ್ಸು’ ಎಂದರೆ ಬಂದರು, ‘ನಾಮಿ’ ಎಂದರೆ ಅಲೆ. ಬಂದರಿನ ಅಲೆ ಎಂಬ ಈ ಹೆಸರು ಮೊದಲ ನೋಟಕ್ಕೆ ವಿಚಿತ್ರವಾಗಿದೆ. ನಡುಗಡಲಿನಲ್ಲಿ ಮೀನು ಹಿಡಿಯುತ್ತಿದ್ದ ಬೆಸ್ತರಿಗೆ ಏನೂ ತಿಳಿಯದಿರುವುದು, ಹಿಂದಿರುಗಿ ನೋಡಿದರೆ ಬಂದರು ಹಾಳಾಗಿರುವುದು, ಈ ಅನುಭವವೇ ಹೆಸರಿನಲ್ಲಿ ಅಡಗಿದೆ. ಅಷ್ಟು ದೊಡ್ಡ ಅಲೆ ದೋಣಿಯ ಕೆಳಗೇ ಹಾದುಹೋದರೂ ದೋಣಿಯವನಿಗೆ ತಿಳಿಯದೆ ಹೋಗುವುದು ಹೇಗೆ?

ಸಾಧಾರಣ ಅಲೆ ಗಾಳಿಯಿಂದ ಹುಟ್ಟುತ್ತದೆ. ಅದರ ಚಲನೆ ಮೇಲಿನ ಕೆಲವು ಹತ್ತು ಮೀಟರುಗಳಿಗೆ ಸೀಮಿತ. ಸುನಾಮಿ ಹುಟ್ಟುವುದು ಕಡಲ ತಳವೇ ಮೇಲಕ್ಕೆ ಅಥವಾ ಕೆಳಕ್ಕೆ ಹಠಾತ್ತಾಗಿ ಜರುಗಿದಾಗ. ಆಗ ತಳದಿಂದ ಮೇಲ್ಮೈವರೆಗಿನ ನೀರಿನ ಕಂಬವೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ಎದ್ದ ನೀರು ಗುರುತ್ವದಿಂದ ಕುಸಿದು ಎರಡೂ ಕಡೆಗೆ ಹರಡುತ್ತದೆ. ಇದರ ತರಂಗದೂರ ನೂರಾರು ಕಿಲೋಮೀಟರು. ಸಾಗರದ ಆಳ ನಾಲ್ಕು ಕಿಲೋಮೀಟರು. ತರಂಗದೂರಕ್ಕೆ ಹೋಲಿಸಿದರೆ ಮಹಾಸಾಗರವೇ ಇದಕ್ಕೆ ತಟ್ಟೆಯಲ್ಲಿನ ನೀರು! ಇಂತಹ ಅಲೆಯ ವೇಗವು ಆವರ್ತಕಾಲವನ್ನು ಅವಲಂಬಿಸದೆ ಆಳವೊಂದನ್ನೇ ಅವಲಂಬಿಸುತ್ತದೆ. ನಿಯಮ ಬಹಳ ಸರಳ: ಗುರುತ್ವ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ, ವರ್ಗಮೂಲ ತೆಗೆಯಿರಿ.

4000 ಮೀಟರು ಆಳದಲ್ಲಿ: 9.8 × 4000 = 39,200; ಇದರ ವರ್ಗಮೂಲ 198. ಎಂದರೆ ಸೆಕೆಂಡಿಗೆ 198 ಮೀಟರು, ಗಂಟೆಗೆ ಸುಮಾರು 713 ಕಿಲೋಮೀಟರು. ಇದು ಜೆಟ್ ವಿಮಾನದ ವೇಗಕ್ಕೆ ಸಮೀಪವಾದುದು. 10 ಮೀಟರು ಆಳದಲ್ಲಿ: 98ರ ವರ್ಗಮೂಲ 9.9, ಗಂಟೆಗೆ 36 ಕಿಲೋಮೀಟರು. ವೇಗವು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯಿತು. ಹಾಗಾದರೆ ಅಲೆ ತಂದ ಶಕ್ತಿ ಎಲ್ಲಿ ಹೋಯಿತು? ಹಿಂದಿನ ಭಾಗ ಇನ್ನೂ ವೇಗವಾಗಿ ಬರುತ್ತಿದೆ, ಮುಂದಿನ ಭಾಗ ನಿಧಾನವಾಗಿದೆ. ಬಾಗಿಲಲ್ಲಿ ನೂಕುನುಗ್ಗಲಾದಂತೆ ಅಲೆ ಉದ್ದದಲ್ಲಿ ಕುಗ್ಗಿ ಎತ್ತರದಲ್ಲಿ ಬೆಳೆಯುತ್ತದೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದುದು. ಶಕ್ತಿಯ ಪ್ರವಾಹ ಒಂದೇ ಆಗಿರಬೇಕಾದರೆ, ವೇಗ ಇಪ್ಪತ್ತು ಪಟ್ಟು ತಗ್ಗಿದಾಗ ಎತ್ತರದ ವರ್ಗ ಇಪ್ಪತ್ತು ಪಟ್ಟು ಹೆಚ್ಚಬೇಕು; ಎತ್ತರವು ಇಪ್ಪತ್ತರ ವರ್ಗಮೂಲದಷ್ಟು, ಸುಮಾರು ನಾಲ್ಕೂವರೆ ಪಟ್ಟು, ಹೆಚ್ಚಬೇಕು. 2004ರಲ್ಲಿ ಹಿಂದೂ ಮಹಾಸಾಗರದ ಮೇಲೆ ಹಾದುಹೋದ ಜೇಸನ್-1 ಎಂಬ ಉಪಗ್ರಹವು ನಡುಗಡಲಿನಲ್ಲಿ ಸುನಾಮಿಯ ಎತ್ತರವನ್ನು ಅಳೆದಾಗ ಅದು ಸುಮಾರು 60 ಸೆಂಟಿಮೀಟರು ಮಾತ್ರವಿತ್ತು. ನೂರಾರು ಕಿಲೋಮೀಟರಿಗೆ ಹರಡಿದ ಅರವತ್ತು ಸೆಂಟಿಮೀಟರಿನ ಏರು ಯಾವ ನಾವಿಕನಿಗೆ ತಾನೇ ತಿಳಿದೀತು? ಅದೇ ಅಲೆ ಹತ್ತು ಮೀಟರು ಆಳಕ್ಕೆ ಬಂದಾಗ ಎರಡೂವರೆ ಮೀಟರನ್ನು ಮೀರುತ್ತದೆ. ಕೊಲ್ಲಿಗಳ ಆಕಾರದಿಂದಲೂ ದಡದ ಇಳಿಜಾರಿನಿಂದಲೂ ಮುಂದೆ ಇನ್ನೂ ಬೆಳೆಯುತ್ತದೆ.

ಎತ್ತರವೊಂದನ್ನೇ ನೋಡಿ ಇದನ್ನು ಅಳೆಯಲಾಗದು. ಮಳೆಗಾಲದಲ್ಲಿ ಮೂರು ಮೀಟರಿನ ಅಲೆಗಳು ನಮ್ಮ ಕಡಲಿನಲ್ಲಿ ಏಳುತ್ತಲೇ ಇರುತ್ತವೆ, ಊರುಗಳೇನೂ ಕೊಚ್ಚಿಹೋಗುವುದಿಲ್ಲ. ಸಾಧಾರಣ ಅಲೆಯ ಆವರ್ತಕಾಲ ಹತ್ತು ಹದಿನೈದು ಸೆಕೆಂಡು: ಬಂದದ್ದು ಅಷ್ಟರಲ್ಲಿ ಹಿಂದಿರುಗುತ್ತದೆ. ಸುನಾಮಿಯ ಆವರ್ತಕಾಲ ಇಪ್ಪತ್ತು ಮೂವತ್ತು ನಿಮಿಷ. ಮೂರು ಮೀಟರಿನ ನೀರಿನ ಗೋಡೆ ಬಂತೆನ್ನುವುದಕ್ಕಿಂತ, ಸಮುದ್ರದ ಮಟ್ಟವೇ ಮೂರು ಮೀಟರು ಏರಿ ಹತ್ತು ನಿಮಿಷಗಳ ಕಾಲ ಒಳನಾಡಿನತ್ತ ಹರಿಯುತ್ತಲೇ ಇತ್ತು ಎನ್ನುವುದು ಹೆಚ್ಚು ಸರಿ. ಅದು ನದಿಯ ಮಹಾಪೂರದಂತೆ. ದೋಣಿ, ಕಾರು, ಮರದ ದಿಮ್ಮಿ, ತಗಡುಗಳೆಲ್ಲ ಅದರೊಳಗಿರುತ್ತವೆ. ಈಜು ಬಲ್ಲವನಿಗೂ ಬಾರದವನಿಗೂ ಅಲ್ಲಿ ಹೆಚ್ಚು ಭೇದವಿಲ್ಲ.

2004ರ ಡಿಸೆಂಬರ್ 26, ಭಾನುವಾರ. ಭಾರತೀಯ ಕಾಲಮಾನ ಬೆಳಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರದ ಬಳಿ 9.1 ಪರಿಮಾಣದ ಭೂಕಂಪವಾಯಿತು. ಕಡಲ ತಳದ ಸೀಳು ಅಲ್ಲಿಂದ ಉತ್ತರಕ್ಕೆ ನಿಕೋಬಾರ್, ಅಂಡಮಾನ್‌ಗಳವರೆಗೆ ಸುಮಾರು 1200 ಕಿಲೋಮೀಟರು ಹಬ್ಬಿತು. ನಿಕೋಬಾರಿನ ಬಳಿಯಿಂದ ಚೆನ್ನೈಗೆ ಸುಮಾರು 1500 ಕಿಲೋಮೀಟರು. ನಡುವಣ ಆಳವನ್ನು 3000 ಮೀಟರು ಎಂದಿಟ್ಟುಕೊಂಡರೆ ವೇಗ ಗಂಟೆಗೆ 617 ಕಿಲೋಮೀಟರು. ತಗಲುವ ಕಾಲ ಎರಡೂವರೆ ಗಂಟೆಗೆ ತುಸು ಕಡಮೆ. ಮರೀನಾ ತೀರದಲ್ಲಿ ಭಾನುವಾರದ ಬಿಡುವಿಗೆಂದು ನಡೆದಾಡುತ್ತಿದ್ದವರ ಮೇಲೆ, ಮರಳಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಮೇಲೆ, ನೀರು ನುಗ್ಗಿದ್ದು ಸುಮಾರು ಒಂಬತ್ತು ಗಂಟೆಗೆ. ಕಾಗದದ ಮೇಲೆ ಎರಡು ಸಾಲಿನಲ್ಲಿ ಮುಗಿಯುವ ಲೆಕ್ಕವಿದು. ಎರಡೂವರೆ ಗಂಟೆಯ ಕಾಲವಿತ್ತು, ಎಚ್ಚರಿಸುವ ವ್ಯವಸ್ಥೆಯಿರಲಿಲ್ಲ. ನಾಗಪಟ್ಟಿಣಂ, ವೇಳಾಂಗಣ್ಣಿಗಳಲ್ಲಿ ಕ್ರಿಸ್ಮಸ್ ಹಬ್ಬದ ಯಾತ್ರಿಕರು ನೆರೆದಿದ್ದರು. ಕನ್ಯಾಕುಮಾರಿಯಲ್ಲಿ ವಿವೇಕಾನಂದ ಬಂಡೆಯನ್ನು ನೋಡಹೋಗಿದ್ದ ನೂರಾರು ಪ್ರವಾಸಿಗಳು ಗಂಟೆಗಟ್ಟಲೆ ಅಲ್ಲಿಯೇ ಸಿಕ್ಕಿಕೊಂಡಿದ್ದು ಬಳಿಕ ಪಾರಾದರು. ಆ ದಿನ ಹಿಂದೂ ಮಹಾಸಾಗರದ ಸುತ್ತಣ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ಸತ್ತರು.

ಪಶ್ಚಿಮ ಕರಾವಳಿಗೆ ಇದರ ಭಯವಿಲ್ಲವೆಂದು ಹೇಳುವವರುಂಟು. ಅಲೆ ಪೂರ್ವದಿಂದ ಬಂದಿತು, ನಡುವೆ ಇಡೀ ಭರತಖಂಡ ಅಡ್ಡವಿದೆ ಎಂಬುದು ಅವರ ತರ್ಕ. ಆದರೆ ತರಂಗಗಳಿಗೆ ವಿವರ್ತನೆ, ವಕ್ರೀಭವನ ಎಂಬ ಗುಣಗಳಿವೆ. ಅವು ತಡೆಯ ಅಂಚನ್ನು ಬಳಸಿಕೊಂಡು ಬಾಗುತ್ತವೆ. ಅದೇ ದಿನ ಶ್ರೀಲಂಕೆಯನ್ನೂ ಕನ್ಯಾಕುಮಾರಿಯನ್ನೂ ಸುತ್ತಿ ಬಂದ ಅಲೆ ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಎಂಬಲ್ಲಿ ನೂರಕ್ಕೂ ಮೇಲ್ಪಟ್ಟ ಜನರನ್ನು ಬಲಿತೆಗೆದುಕೊಂಡಿತು. ಅರಬ್ಬೀ ಸಮುದ್ರಕ್ಕೂ ತನ್ನದೇ ಆದ ಭೂಕಂಪ ವಲಯವಿದೆ: ಪಾಕಿಸ್ತಾನದ ಮಕ್ರಾನ್ ತೀರ. 1945ರ ನವೆಂಬರ್ 28ರಂದು ಅಲ್ಲಿ ಸಂಭವಿಸಿದ ಭೂಕಂಪದಿಂದ ಎದ್ದ ಸುನಾಮಿ ಮುಂಬಯಿಯನ್ನೂ ಮುಟ್ಟಿತ್ತು.

ಎಲ್ಲ ದೊಡ್ಡ ಭೂಕಂಪವೂ ಸುನಾಮಿಯನ್ನು ತರುವುದಿಲ್ಲ. 2012ರ ಏಪ್ರಿಲ್ 11ರಂದು ಸುಮಾತ್ರದ ಪಶ್ಚಿಮಕ್ಕೆ 8.6 ಪರಿಮಾಣದ ಕಂಪನವಾಯಿತು. ದೊಡ್ಡ ಅಲೆ ಏಳಲಿಲ್ಲ. ಅಲ್ಲಿ ಶಿಲಾಫಲಕಗಳು ಒಂದರ ಪಕ್ಕದಲ್ಲೊಂದು ಅಡ್ಡವಾಗಿ ಜಾರಿದ್ದವು, ತಳ ಮೇಲಕ್ಕೆ ಎದ್ದಿರಲಿಲ್ಲ. ನೀರು ತುಂಬಿದ ತಟ್ಟೆಯ ಕೆಳಗೆ ಮೇಜುಬಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಎಳೆಯುವುದಕ್ಕೂ ತಟ್ಟೆಯ ತಳವನ್ನು ಕೆಳಗಿನಿಂದ ಗುದ್ದುವುದಕ್ಕೂ ಇರುವ ವ್ಯತ್ಯಾಸವಿದು. ಆದರೆ ತೀರದಲ್ಲಿ ನಿಂತವನಿಗೆ ಯಾವ ಬಗೆಯ ಕಂಪನವೆಂದು ತಿಳಿಯುವಂತಿಲ್ಲ. ತಿಳಿಯಲು ಕಾಯುವುದು ಅವನ ಕೆಲಸವೂ ಅಲ್ಲ.

ಕಡಲು ಕೊಡುವ ಸೂಚನೆ

ಅಲೆಯೆಂದ ಮೇಲೆ ಉಬ್ಬೂ ಇದೆ, ತಗ್ಗೂ ಇದೆ. ಸುಮಾತ್ರದ ಬಳಿ ತಳವು ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿದಿತ್ತು. ಕುಸಿದ ಪಾರ್ಶ್ವ ಪೂರ್ವಕ್ಕಿದ್ದುದರಿಂದ ಥಾಯ್ಲೆಂಡಿನ ತೀರಕ್ಕೆ ಮೊದಲು ತಲಪಿದ್ದು ತಗ್ಗು. ಸಮುದ್ರ ಸರಸರನೆ ಹಿಂದೆ ಸರಿದು ನೂರಾರು ಮೀಟರು ತಳ ಬಯಲಾಯಿತು. ಮೀನುಗಳು ಮರಳಿನ ಮೇಲೆ ಮಿಡುಕುತ್ತಿದ್ದವು. ಪ್ರವಾಸಿಗಳಲ್ಲಿ ಎಷ್ಟೋ ಮಂದಿ ಈ ಕೌತುಕವನ್ನು ನೋಡಲು ಒಳಕ್ಕೆ ನಡೆದರು. ತಗ್ಗಿನ ಹಿಂದೆ ಉಬ್ಬು ಬರಲೇಬೇಕೆಂಬುದು ತರಂಗದ ವ್ಯಾಖ್ಯೆಯಲ್ಲಿಯೇ ಇದೆಯಲ್ಲವೆ? ಅರ್ಧ ಆವರ್ತಕಾಲವೆಂದರೆ ಹತ್ತು ಹದಿನೈದು ನಿಮಿಷ. ತಗ್ಗು ಪೂರ್ಣವಾಗಿ ಕಾಣುವ ಹೊತ್ತಿಗೆ ಅದರಲ್ಲೂ ಪಾಲು ಕಳೆದಿರುತ್ತದೆ.

ಫುಕೆಟ್ ದ್ವೀಪದ ಮಾಯ್ ಖಾವೋ ತೀರದಲ್ಲಿ ತಂದೆತಾಯಿಗಳೊಡನೆ ರಜೆ ಕಳೆಯುತ್ತಿದ್ದ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಿಕೆ, ನೀರು ನೊರೆನೊರೆಯಾಗಿ ಕುದಿಯುವಂತೆ ಏರುತ್ತಿರುವುದನ್ನೂ ಹಿಂದಿರುಗದಿರುವುದನ್ನೂ ಕಂಡಳು. ಎರಡು ವಾರಗಳ ಹಿಂದಷ್ಟೇ ಶಾಲೆಯ ಭೂಗೋಳದ ಪಾಠದಲ್ಲಿ ಸುನಾಮಿಯ ಲಕ್ಷಣಗಳನ್ನು ಕೇಳಿದ್ದಳು. ಹಟಹಿಡಿದು ತಂದೆತಾಯಿಗಳಿಗೆ ಹೇಳಿದಳು, ತಂದೆ ಹೋಟೆಲಿನ ಕಾವಲುಗಾರನಿಗೆ ತಿಳಿಸಿದರು, ತೀರ ಬರಿದಾಯಿತು. ಸುಮಾರು ನೂರು ಜನರ ಜೀವ ಉಳಿಯಿತು. ದೊಡ್ಡವರು ಮಗುವಿನ ಮಾತನ್ನು ಕಿವಿಗೊಟ್ಟು ಕೇಳಿದರೆಂಬುದೂ ಈ ವೃತ್ತಾಂತದಲ್ಲಿ ಸಣ್ಣ ಸಂಗತಿಯಲ್ಲ.

ಇದಕ್ಕಿಂತಲೂ ನಮಗೆ ವಿಸ್ಮಯಕರವಾಗಿ ಕಾಣುವುದು ಸಿಮೆಯುಲುಯೆ ಎಂಬ ಇಂಡೊನೇಷಿಯದ ದ್ವೀಪದ ಸಂಗತಿ. ಭೂಕಂಪದ ಕೇಂದ್ರಕ್ಕೆ ತೀರ ಸಮೀಪದ ದ್ವೀಪವಿದು; ಅಲೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಯಾವ ಯಂತ್ರವೂ ಅಷ್ಟರಲ್ಲಿ ಎಚ್ಚರಿಸಲಾರದು. ಆದರೂ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. 1907ರಲ್ಲಿ ಅಲ್ಲಿಗೆ ಬಂದಿದ್ದ ಸುನಾಮಿಯ ನೆನಪನ್ನು ‘ಸ್ಮೊಂಗ್’ ಎಂಬ ಹೆಸರಿನಲ್ಲಿ ಅಜ್ಜ ಅಜ್ಜಿಯರು ಕಥೆಯಾಗಿ, ಹಾಡಾಗಿ ಮಕ್ಕಳಿಗೆ ಹೇಳುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ, ಬೆಟ್ಟಕ್ಕೆ ಓಡು.

ಕಡಲು ಹಿಂಜರಿದೇ ತೀರುವುದೆಂದು ಮಾತ್ರ ಯಾರೂ ನಂಬಿ ಕೂರಬಾರದು. ಪಶ್ಚಿಮದ ಕಡೆಗೆ, ಎಂದರೆ ಶ್ರೀಲಂಕೆಗೂ ನಮ್ಮ ಪೂರ್ವತೀರಕ್ಕೂ, ಮೊದಲು ಬಂದದ್ದು ಉಬ್ಬು. ಮೊದಲ ಅಲೆಯೇ ಅತಿ ದೊಡ್ಡದೆಂದೂ ತಿಳಿಯಬಾರದು. ಶ್ರೀಲಂಕೆಯ ಪೆರಲಿಯ ಎಂಬಲ್ಲಿ ಮೊದಲ ಅಲೆಯಿಂದ ರೈಲುಗಾಡಿ ನಿಂತುಹೋಯಿತು. ಸುತ್ತಣ ಜನರು ಆ ಗಾಡಿಯೇ ಭದ್ರವೆಂದು ಅದನ್ನೇರಿದರು, ಅದರ ಮರೆಯಲ್ಲಿ ನಿಂತರು. ಬಳಿಕ ಬಂದ ದೊಡ್ಡ ಅಲೆ ಗಾಡಿಯನ್ನೇ ಎತ್ತಿ ಒಗೆಯಿತು. ಸಾವಿರಕ್ಕೂ ಮೇಲ್ಪಟ್ಟ ಜನರು ಮಡಿದರು. 1960ರ ಮೇ 22ರಂದು ಚಿಲಿಯಲ್ಲಿ ಎದ್ದ ಸುನಾಮಿ ಹವಾಯಿಯ ಹೀಲೊ ಪಟ್ಟಣವನ್ನು ಸುಮಾರು ಹದಿನೈದು ಗಂಟೆಗಳ ಬಳಿಕ ಮುಟ್ಟಿತು. ಎಚ್ಚರಿಕೆಯ ಸೈರನ್ನುಗಳು ಗಂಟೆಗಳ ಮುಂಚೆಯೇ ಕೂಗಿದ್ದವು. ಆದರೂ ಎಷ್ಟೋ ಮಂದಿ ಹೋಗಲಿಲ್ಲ. ಕೆಲವರು ಅಲೆಯನ್ನು ನೋಡಲೆಂದೇ ದಡದ ಹತ್ತಿರ ನಿಂತಿದ್ದರು. 61 ಜನರು ಸತ್ತರು.

ಪ್ರವಾಸಿ ಮಾಡಬೇಕಾದುದು ಇದರಿಂದ ತಾನಾಗಿಯೇ ಹೊರಡುತ್ತದೆ. ತೀರದಲ್ಲಿರುವಾಗ ನೆಲ ಬಲವಾಗಿ ಅಥವಾ ಬಹಳ ಹೊತ್ತು ನಡುಗಿದರೆ, ಕಡಲು ಅಕಾಲದಲ್ಲಿ ಹಿಂಜರಿದರೆ ಅಥವಾ ಉಕ್ಕಿದರೆ, ಕಡಲಿನಿಂದ ವಿಮಾನದ ಸದ್ದಿನಂತಹ ಮೊರೆತ ಕೇಳಿಸಿದರೆ, ಆ ಕ್ಷಣವೇ ಎತ್ತರಕ್ಕೆ ನಡೆಯಬೇಕು. ಚಪ್ಪಲಿ, ಚೀಲ, ಛಾಯಾಚಿತ್ರಗಳನ್ನು ಮರೆಯಬೇಕು. ಹತ್ತು ನಿಮಿಷ ಬಿರುಸಾಗಿ ನಡೆದರೆ ಸುಮಾರು 900 ಮೀಟರು ಹೋಗಬಹುದು. ಅಲೆ ಕಣ್ಣಿಗೆ ಬಿದ್ದ ಮೇಲೆ ಓಡುವುದಾದರೆ ಒಲಿಂಪಿಕ್ ನೂರು ಮೀಟರಿನ ಓಟಗಾರನ ವೇಗ ಬೇಕು, ಅದನ್ನು ಅವನೂ ನೂರು ಮೀಟರಿನಾಚೆ ಉಳಿಸಿಕೊಳ್ಳಲಾರ. ಹತ್ತಿರ ಗುಡ್ಡವಿಲ್ಲದಿದ್ದರೆ ಗಟ್ಟಿಯಾದ ಕಾಂಕ್ರೀಟು ಕಟ್ಟಡದ ಮೂರನೆಯ ಅಂತಸ್ತು ಅಥವಾ ಅದಕ್ಕೂ ಮೇಲೆ. ಹೊಳೆಯ ಅಳಿವೆಯ ಕಡೆಗೆ ಮಾತ್ರ ಹೋಗಲಾಗದು. ನೀರು ಹೊಳೆಯನ್ನೇ ದಾರಿಮಾಡಿಕೊಂಡು ಬಹುದೂರ ಒಳಬರುತ್ತದೆ. ಹತ್ತಿದ ಮೇಲೆ, ಅಧಿಕಾರಿಗಳು ಹೇಳುವವರೆಗೆ, ಎಷ್ಟು ಗಂಟೆಯಾದರೂ ಇಳಿಯಬಾರದು. ನಮ್ಮ ಕರಾವಳಿಯಲ್ಲಿ ಗುಡ್ಡಗಳು ಕಡಲಿಗೆ ಸಮೀಪವಾಗಿರುವುದು ಒಂದು ಭಾಗ್ಯ. ಊರು ತಲಪಿದೊಡನೆ ದೇವಾಲಯ ಎಲ್ಲಿ, ಹೋಟೆಲು ಎಲ್ಲಿ ಎಂದು ವಿಚಾರಿಸುವಾಗ ಎತ್ತರದ ನೆಲ ಎಲ್ಲಿ ಎಂಬುದನ್ನೂ ನೋಡಿಕೊಂಡರಾಯಿತು.

ಈಗ ಎಚ್ಚರಿಸುವ ವ್ಯವಸ್ಥೆಯೂ ಇದೆ. ಮೇಲೆ ಹೇಳಿದ ಹೈದರಾಬಾದಿನ ಕೇಂದ್ರದಲ್ಲಿ 2007ರ ಅಕ್ಟೋಬರಿನಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಹಗಲಿರುಳು ಕೆಲಸ ಮಾಡುತ್ತಿದೆ. ಭೂಕಂಪಮಾಪಕಗಳು ಕಂಪನವನ್ನು ತಿಳಿಸುತ್ತವೆ. ಕಡಲ ತಳದ ಒತ್ತಡಮಾಪಕಗಳು ಮೇಲೆ ಹಾದುಹೋಗುವ ಅಲೆಯನ್ನು, ಅದು ಕೆಲವೇ ಸೆಂಟಿಮೀಟರಿದ್ದರೂ, ಗುರುತಿಸುತ್ತವೆ. ಭೂಕಂಪದ ತರಂಗಗಳು ಸೆಕೆಂಡಿಗೆ ಹಲವು ಕಿಲೋಮೀಟರು ವೇಗದಿಂದ ಬರುತ್ತವೆ. ಸುನಾಮಿ ಸೆಕೆಂಡಿಗೆ ಕಿಲೋಮೀಟರಿನ ಐದನೆಯ ಒಂದು ಪಾಲು. ಈ ವೇಗಗಳ ಅಂತರವೇ ನಮಗೆ ದೊರೆಯುವ ಕಾಲಾವಕಾಶ.

ಬೇರೆ ಕೆಲವು ಸಂಗತಿಗಳು

ಚಂಡಮಾರುತದ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದು ದಿನಗಳ ಮುಂಚೆಯೇ ತಿಳಿದುಬರುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಹಾದುಹೋಯಿತು. ಅಂತಹ ಮುನ್ಸೂಚನೆ ಇದ್ದಾಗ ಪ್ರವಾಸವನ್ನು ಮುಂದೂಡುವುದೊಂದೇ ಉಪಾಯ. ಮಿಂಚಿನ ವಿಚಾರ ಹಾಗಲ್ಲ, ಅದು ಮಧ್ಯಾಹ್ನ ಕಳೆಯುವುದರೊಳಗೆ ಎದ್ದುಬರುತ್ತದೆ. ಬಯಲಾದ ಮರಳಿನ ಮೇಲೆ ಅತ್ಯಂತ ಎತ್ತರದ ವಸ್ತು ಬಹುಶಃ ನೀವೇ. ಶಬ್ದವು ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಸಾಗುವುದರಿಂದ, ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರಿನೊಳಗಿದೆ. ಗಾಳಿಮರದ ತೋಪಿಗಲ್ಲ, ಕಟ್ಟಡಕ್ಕೆ ಅಥವಾ ಬಸ್ಸಿನೊಳಗೆ ಹೋಗಬೇಕು. ಕಡೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಬರಬಾರದು.

ಕಡಲಿಗೆ ಹೋಗುವ ದಾರಿಯೂ ಕಡಲಿನಷ್ಟೇ ಗಮನಾರ್ಹ. 2024ರ ಜುಲೈ 16ರಂದು ಅಂಕೋಲ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ಚಹಾದ ಅಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಮಣ್ಣು ಗಂಗಾವಳಿ ಹೊಳೆಗೆ ನೂಕಿತು. ಅಷ್ಟು ಮಣ್ಣು ಒಮ್ಮೆಲೇ ನೀರಿಗೆ ಬಿದ್ದುದರಿಂದ ಎದ್ದ ಅಲೆ ಹೊಳೆಯನ್ನು ದಾಟಿ ಎದುರು ದಡದ ಉಳುವರೆ ಗ್ರಾಮದ ಮನೆಗಳನ್ನು ಕೆಡವಿತು. ನೀರನ್ನು ಸ್ಥಾನಪಲ್ಲಟಗೊಳಿಸಿದರೆ ಅಲೆ ಏಳುತ್ತದೆ ಎಂಬ ಸುನಾಮಿಯ ತತ್ತ್ವವನ್ನು ಅಲ್ಲಿನ ಜನರು ಒಂದು ಹೊಳೆಯಲ್ಲಿಯೇ ಕಂಡರು. ಭಾರಿ ಮಳೆಯ ದಿನ ಕಡಿದಾದ ಗುಡ್ಡದ ಬುಡದಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿಯುವುದನ್ನು ಬಿಡುವುದು ಮೇಲು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕವನ್ನು ಬಿಟ್ಟುಕೊಡುತ್ತೇವೆ. ಮಕ್ರಾನ್ ತೀರದಲ್ಲಿ ಸುನಾಮಿ ಎದ್ದಿತೆಂದೂ, ಅದು ಕಾರವಾರದ ಕಡೆಗೆ 1500 ಕಿಲೋಮೀಟರನ್ನು 3000 ಮೀಟರು ಆಳದ ಕಡಲಿನಲ್ಲಿಯೂ, ಕಡೆಯ 100 ಕಿಲೋಮೀಟರನ್ನು 50 ಮೀಟರು ಆಳದ ತೀರದಂಚಿನ ಕಡಲಿನಲ್ಲಿಯೂ ದಾಟುವುದೆಂದೂ ಇಟ್ಟುಕೊಳ್ಳೋಣ. ಎಷ್ಟು ಹೊತ್ತು ಬೇಕು? ಮೊದಲ ಭಾಗಕ್ಕೆ ಸುಮಾರು 2 ಗಂಟೆ 26 ನಿಮಿಷ, ಎರಡನೆಯ ಭಾಗಕ್ಕೆ ಸುಮಾರು 1 ಗಂಟೆ 15 ನಿಮಿಷ ಬರುವುದೇ ನೋಡಿರಿ. ದೂರದಲ್ಲಿ ಹದಿನೈದರಲ್ಲೊಂದು ಪಾಲಾದ ತೀರದಂಚಿನ ಕಡಲು ಕಾಲದಲ್ಲಿ ಅರ್ಧದಷ್ಟನ್ನು ಏಕೆ ತೆಗೆದುಕೊಂಡಿತೆಂಬುದನ್ನೂ, ಆಳವನ್ನು 50ರ ಬದಲು 20 ಮೀಟರು ಎಂದಿಟ್ಟುಕೊಂಡರೆ ಉತ್ತರ ಎಷ್ಟು ಬದಲಾಗುವುದೆಂಬುದನ್ನೂ ಘಟ್ಟವಿಳಿಯುವ ಬಸ್ಸಿನಲ್ಲಿ ಕುಳಿತು ಲೆಕ್ಕಹಾಕಬಹುದು.